ಕಾಣೆ

ಧನು ತಿಂಗಳಲ್ಲಿ ಎಂಟು ಗಂಟೆಯವರೆಗೆ ಗಾಳಿ ಮೂಡಣದ್ದು,
ಬೆನ್ನಿಗೆ ಬಡಿದು ಕಡಲಿಗಿಳಿಯುತ್ತದೆ.
ಅಷ್ಟರೊಳಗೆ ಎಸೆದು ಮುಗಿಸಬೇಕು.
ಆಮೇಲೆ ತಿರುಗಿತೆಂದರೆ ಹುಕ್ಕು ನನ್ನ ಕಿವಿಗೇ.
ಒಮ್ಮೆ ಬಂದಿದೆ, ತೂತು ಉಳಿದಿದೆ;
ಕುಂಬಳೆ ಪೇಟೆಯಲ್ಲಿ ಕೇಳಿದವರಿಗೆ
ಹರಕೆಯ ಒಂಟಿಗೆ ಚುಚ್ಚಿಸಿದ್ದೆಂದು ಹೇಳಿದ್ದೇನೆ.

ಈ ಕೋಲು ಹಡಗಿನ ಅಡುಗೆಯವ ಹಸೈನಾರನದು.
ಮೂರು ಸಫಾರಿ ಸೂಟಿನ ಮಜೂರಿಗೆ ಬದಲು ಕೊಟ್ಟ.
ಎಲ್ಲೋ ಮಂಜು ಬೀಳುವ ಬಂದರಿನಲ್ಲಿ ಕೊಂಡನಂತೆ.
ಅಲ್ಲಿ ಗಂಡಸರು ಚಳಿಗಾಲದ ಕಡಲಲ್ಲಿ
ಸೊಂಟದವರೆಗೆ ನಿಂತು,
ಹೊಳೆಯಲ್ಲಿ ಹುಟ್ಟಿ ಉಪ್ಪಿಗೆ ಬಂದ
ಒಂದು ಮೀನನ್ನು ಕಾಯುತ್ತಾರಂತೆ.
ಕೊರಳ ಕೆಳಗೆ ಕೆಂಪು ಗೆರೆ, ಕೊಯ್ದ ಹಾಗೆ.
ಹಿಡಿದು, ನೋಡಿ, ಬಿಟ್ಟುಬಿಡುತ್ತಾರಂತೆ.
"ತಿನ್ನುವುದಿಲ್ಲವಾ?" ಎಂದೆ.
"ನಾನೂ ಅದನ್ನೇ ಕೇಳಿದೆ," ಎಂದ ಅಡುಗೆಯವ.

ಹುಳ ಕಟ್ಟುವುದನ್ನು ನನಗೆ ಯಾರೂ ಕಲಿಸಲಿಲ್ಲ.
ಅಂಕದಲ್ಲಿ ಸೋತ ಹುಂಜದ ಕೊರಳಗರಿ,
ಮದುವೆಯ ರವಿಕೆಯಲ್ಲಿ ಉಳಿದ ಜರಿ,
ಕಾಜದ ನೂಲಿನಲ್ಲಿ ಏಳು ಸುತ್ತು, ಒಂದು ಗಂಟು.
ಸಿಗಡಿಮರಿಯಂತೆ ಕಾಣಬೇಕು.
ಕಾಣುತ್ತದೆ, ಕಣ್ಣು ಸ್ವಲ್ಪ ಕಿರಿದು ಮಾಡಿದರೆ.

ಶಿರಿಯದ ಅಳಿವೆ.
ಮಳೆಗಾಲಕ್ಕೊಮ್ಮೆ ಹೊಳೆ ಇಲ್ಲಿ ಬಾಯಿ ಬದಲಿಸುತ್ತದೆ;
ಹೋದ ವರ್ಷ ಗಾಳಿಮರಗಳ ಬುಡದಲ್ಲಿತ್ತು,
ಈಗ ಅಲ್ಲಿ ಹುಡುಗರು ಫುಟ್ಬಾಲ್ ಆಡುತ್ತಾರೆ.
ಹೊಳೆಯ ಕಡೆಯ ನೀರು ತಣ್ಣಗೆ, ಕಡಲ ಕಡೆಯದು ಬೆಚ್ಚಗೆ,
ಎರಡು ಕಾಲಿಗೆ ಎರಡು ಊರು.
ಸೊಂಟಕ್ಕೆ ಕಟ್ಟಿದ ಬಟ್ಟೆ ಒಗೆಯುವ ಬುಟ್ಟಿ,
ಎಳೆದ ದಾರ ಅದರೊಳಗೆ ಸುರುಳಿ ಸುರುಳಿ.
ಗಡಿಯಾರದ ಹತ್ತಕ್ಕೂ ಒಂದಕ್ಕೂ ನಡುವೆ
ಕೋಲು ಹೋಗಿ ಬರಬೇಕು.
ಹಿಂದಕ್ಕೆ ಹೋದ ದಾರ ಪೂರ್ತಿ ಚಾಚುವ ತನಕ ತಡೆಯಬೇಕು.
ಆ ತಡೆಯುವುದೇ ಕಷ್ಟ.

ಮರುವಾಯಿ ಹೆಕ್ಕುವ ಬೀಫಾತುಮ್ಮ
ಬಗ್ಗಿದಲ್ಲಿಂದಲೇ ಕೇಳಿದಳು:
"ಬಟ್ಟೆ ಸಾಲದೆ ಹೋಯಿತಾ ದರ್ಜಿ,
ನೀರು ಹೊಲಿಯಲು ಬಂದಿರಾ?
ಏನುಂಟು ಅದರಲ್ಲಿ?"
"ಕಾಣೆ," ಎಂದೆ.
ಮೀನಿನ ಹೆಸರೂ ಅದೇ, ನಿಜವೂ ಅದೇ.
ಮರಳಿನ ಮೇಲೆ ಮರಳಿನದೇ ಬಣ್ಣ,
ನೆರಳೊಂದೇ ಈಜುತ್ತದೆ,
ಅದೂ ಬಿಸಿಲು ಬಿದ್ದ ಮೇಲೆ.

ಎಂಟಕ್ಕೆ ಹತ್ತು ನಿಮಿಷ ಇರುವಾಗ ದಾರ ಬಿಗಿಯಿತು.
ಸೂಜಿ ಬೆರಳಿಗೆ ಹೋದ ಹಾಗೆ:
ಗೊತ್ತಾಗುವುದು ಮೊದಲು, ನೋವು ಆಮೇಲೆ.
ಗೇಣಿಗಿಂತ ಉದ್ದ. ಕೈಯಲ್ಲಿ ಮಿಡಿಯುತ್ತಿತ್ತು.
ರವೆ ಹಚ್ಚಿ ಕಾಯಿಸಿದರೆ ಅರ್ಧ ನನಗೆ, ಅರ್ಧ ಗಿರಿಜೆಗೆ.
ತಿರುಗಿಸಿ ಕೊರಳ ಕೆಳಗೆ ನೋಡಿದೆ, ದಡ್ಡನ ಹಾಗೆ.
ಬಿಳಿ. ಬರೀ ಬಿಳಿ.

ಜೇಬಿನಲ್ಲಿ ಮರೆತಿದ್ದ ಗುರುತಿನ ಸೀಮೆಸುಣ್ಣ
ನೆನೆದು ಕರಗಿ ಅಂಗಿಗೆ ಹತ್ತಿತ್ತು, ಹೆಬ್ಬೆರಳಿಗೆ ಹತ್ತಿತ್ತು,
ಹುಕ್ಕು ಬಿಡಿಸುವಾಗ ಮೀನಿಗೂ.
ಕೊರಳ ಕೆಳಗೆ ಒಂದು ಕೆಂಪು ಗೆರೆ.
ಒಂದು ತೆರೆ ಬಂದು ಹೋಗುವಷ್ಟು ಹೊತ್ತು
ಅದು ಹಸೈನಾರ್ ಕಂಡಿದ್ದ ಮೀನು.

ಬಿಟ್ಟೆನೋ, ಜಾರಿತೋ.
ನೀರು ಕದಡಿತ್ತು.

ಬೀಫಾತುಮ್ಮ ನನ್ನ ಅಂಗಿ ನೋಡಿ ಹೌಹಾರಿದಳು.
"ರಕ್ತವಲ್ಲ, ಸುಣ್ಣ," ಎಂದೆ.
ನಂಬಿದಳೋ ಇಲ್ಲವೋ, ಬುಟ್ಟಿಯೊಳಗೆ, ದಾರದ ಮೇಲೆಯೇ,
ಎರಡು ಬೊಗಸೆ ಮರುವಾಯಿ ಸುರಿದಳು.
ಬಿಡಿಸಲು ಅರ್ಧ ಗಂಟೆ ಹಿಡಿಯಿತು.
ಅಷ್ಟರಲ್ಲಿ ಗಾಳಿ ತಿರುಗಿತ್ತು.

ಹತ್ತಕ್ಕೆ ಅಂಗಡಿ.
ಬಂದ್ಯೋಡಿನ ಮದುಮಗನೊಬ್ಬ ಕಾಲರಿನ ಅಳತೆಗೆ ನಿಂತ,
ಗದ್ದ ಎತ್ತಿ, ಉಸಿರು ಕಟ್ಟಿ.
ಟೇಪು ಸುತ್ತಿ ಒಳಗೊಂದು ಬೆರಳು ಇಟ್ಟೆ,
ಎಲ್ಲರಿಗೂ ಇಡುವ ಹಾಗೆ; ಅಷ್ಟು ಜಾಗ ಬೇಕು.
"ಬೆರಳೇನು ಕೆಂಪು?" ಎಂದ.
"ಹದಿನೈದೂವರೆ, ಬರೆದುಕೋ," ಎಂದೆ
ಕಾಜ ಹೊಲಿಯುವ ಹುಡುಗನಿಗೆ.